ಅಬೇಯನ್ಸ್ ಅಂದರೆ ಏನು ಸ್ವಾಮಿ?

ತಾಲ್ಲೂಕು ಕಚೇರಿಗೆ ಹೊಸ ಸಾಹೇಬರು ಬಂದರು. ಅವರಿಗೆ ಇಂಗ್ಲಿಷ್ ಎಂದರೆ ಬಲು ಮೋಹ. ಒಂದು ಬೆಳಿಗ್ಗೆ ಅರ್ಜಿಯ ಫೈಲೊಂದರ ಮೇಲೆ ಕೆಂಪು ಶಾಯಿಯಲ್ಲಿ ದಪ್ಪಗೆ ಒಂದು ಇಂಗ್ಲಿಷ್ ಪದ ಬರೆದು, ರೆಕಾರ್ಡು ರೂಮಿನ ಜವಾನ ಮಾದಪ್ಪನ ಕೈಗೆ ಕೊಟ್ಟರು.

"ಇದನ್ನು ಅಬೇಯನ್ಸ್‌ನಲ್ಲಿ ಇಡು."

"ಹಾಗಂದ್ರೆ ಏನು ಸ್ವಾಮಿ?"

"ಇಷ್ಟು ವರ್ಷ ಫೈಲು ಹೊತ್ತೂ ಗೊತ್ತಿಲ್ವೇ? ಸಂಜೆಯೊಳಗೆ ಅರ್ಥ ಹೇಳು. ಇಲ್ಲದಿದ್ದರೆ ಗಡಿ ಚೆಕ್‌ಪೋಸ್ಟಿಗೆ ಹೋಗಿ ಗೇಟು ಎತ್ತು."

ಮಾತಿಗೆ ತಕ್ಕಂತೆ ವರ್ಗಾವಣೆ ಆದೇಶವನ್ನೂ ಆಗಲೇ ಟೈಪು ಮಾಡಿಸಿಟ್ಟರು.

ಮಾದಪ್ಪ ಯಾರನ್ನೂ ಕೇಳಲಿಲ್ಲ. ಅವನಿಗೆ ಇಂಗ್ಲಿಷ್ ಓದಲು ಬಾರದು, ಆದರೆ ಅಕ್ಷರದ ಆಕಾರ ಹೋಲಿಸಿ ನೋಡಲು ಬರುತ್ತಿತ್ತು. ಅದೇ ಪದವಿದ್ದ ಹಳೆಯ ಫೈಲುಗಳನ್ನು ಹುಡುಕಿದ. ಸಂಜೆ ಅಂಥ ಮೂರನ್ನು ತಂದು ಸಾಹೇಬರ ಮುಂದಿಟ್ಟ.

"ನಿಮ್ಮ ಪದ ಈ ಮೂರರ ಮೇಲೂ ಇದೆ ಸ್ವಾಮಿ. ಇದಕ್ಕೆ ಗೆದ್ದಲು ಹಿಡಿದಿದೆ. ಇದರಲ್ಲಿ ಇಲಿ ಮರಿ ಹಾಕಿದೆ. ಈ ಅರ್ಜಿ ಕೊಟ್ಟವನು ತೀರಿಕೊಂಡು, ಅವನ ಮಗನೂ ಮುದುಕನಾಗಿದ್ದಾನೆ. ಹೂಂ ಅನ್ನೋಕೆ ಧೈರ್ಯ ಇಲ್ಲ, ಊಹೂಂ ಅನ್ನೋಕೆ ಮನಸ್ಸಿಲ್ಲ. ಅಷ್ಟೇ ತಾನೆ ಅರ್ಥ?"

ಸಾಹೇಬರು ಬೈಯಲು ಬಾಯಿ ತೆರೆದರು. ಧೂಳಿಗೆ ಸೀನು ಬಂತು. ಮೂಗು ಒರೆಸಿಕೊಂಡು ಮೆತ್ತಗೆ ಹೇಳಿದರು:

"ಅರ್ಥ ಸರಿ. ಆದರೆ ಟೈಪಾದ ಆದೇಶವನ್ನು ಹರಿಯುವಂತಿಲ್ಲವಲ್ಲ!"

"ಹರಿಯೋದ್ಯಾಕೆ ಸ್ವಾಮಿ? ಅದರ ಮೇಲೂ ಆ ಪದ ಬರೆದುಕೊಡಿ. ಇಲಿಮರಿ ಪಕ್ಕದಲ್ಲೇ ಜೋಪಾನವಾಗಿ ಇಡ್ತೀನಿ."