ರಾಣಿಯ ಮೂಗು ಮತ್ತು ಲೋಹದ ವಿಮಾನ

ಮೈಸೂರಿನ ಒಂದು ಬೀದಿಯಲ್ಲಿ ಚಂದ್ರಚೂಡಯ್ಯ ಎಂಬುವರಿದ್ದರು. ಅವರಿಗೆ ಪುಟ್ಟ ಮಾದರಿ ವಿಮಾನಗಳನ್ನು ಕೂಡಿಡುವ ಹುಚ್ಚು. ಅದೂ ಎರಕ ಹೊಯ್ದ ಲೋಹದವೇ ಆಗಬೇಕು. ಮನೆಗೆ ಬಂದವರ ಕೈಗೆ ಕಾಫಿಗಿಂತ ಮೊದಲು ವಿಮಾನ ಬರುತ್ತಿತ್ತು. "ಎತ್ತಿ ನೋಡಿ, ಏನು ತೂಕ!" ಎಂದು ಬೀಗುತ್ತಿದ್ದರು. ಪಾಪ, ಬಂದವರು ಕಾಫಿಯ ಆಸೆಗೆ ಎತ್ತಿ ಎತ್ತಿ ಹೊಗಳುತ್ತಿದ್ದರು.

ಪಕ್ಕದ ಮನೆಯ ಮಾದಪ್ಪನವರಿಗೂ ಅದೇ ಹುಚ್ಚು. ಆದರೆ ಅವರದು ಪ್ಲಾಸ್ಟಿಕ್. ಬಿಡಿ ತುಂಡುಗಳನ್ನು ಚಿಮಟದಲ್ಲಿ ಹಿಡಿದು, ತಿಂಗಳುಗಟ್ಟಲೆ ಕೂತು ಅಂಟಿಸಿ, ಸಣ್ಣ ಕುಂಚದಲ್ಲಿ ಬಣ್ಣ ಬಳಿಯುತ್ತಿದ್ದರು. "ಉಫ್ ಅಂದ್ರೆ ಹಾರಿಹೋಗುತ್ತೆ, ಅದೂ ಒಂದು ವಿಮಾನವೇ?" ಎಂದು ಚಂದ್ರಚೂಡಯ್ಯ ನಗುತ್ತಿದ್ದರು. ವಿಮಾನವೆಂದರೆ ಹಾರಬೇಕಾದದ್ದು ಎಂಬುದು ಅವರಿಗೆ ಹೊಳೆದೇ ಇರಲಿಲ್ಲ.

ದಸರೆ ಬಂತು. ಚಂದ್ರಚೂಡಯ್ಯನವರ ಹೆಂಡತಿ ಗಿರಿಜಮ್ಮ ಬೊಂಬೆ ಕೂರಿಸಿದರು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಬೊಂಬೆಗಳು, ಮದುವೆಯಲ್ಲಿ ತವರಿನವರು ಕೊಟ್ಟ ಮರದ ರಾಜ ರಾಣಿ. ಅವೆಂದರೆ ಆಕೆಗೆ ಜೀವ.

"ರೀ, ರಾಜ ರಾಣಿ ಮೇಲೆ ಒಂದು ವಿಮಾನ ತೂಗುಹಾಕಿದ್ರೆ ಚೆಂದ. ಮಾದಪ್ಪನೋರು ಅವರದ್ದು ಕೊಡ್ತೀನಿ ಅಂದ್ರು."

"ನನ್ನ ಮನೇಲಿ ಪ್ಲಾಸ್ಟಿಕ್ಕೇ? ಖಂಡಿತ ಕೂಡದು!"

ಚಂದ್ರಚೂಡಯ್ಯ ತಮ್ಮ ಎಲ್ಲಕ್ಕಿಂತ ಭಾರದ ವಿಮಾನವನ್ನೇ ತೂಗುಹಾಕಿದರು. ಹಗ್ಗ ಕಂಡರೆ ಅಂದಗೆಡುತ್ತದೆಂದು ಹೂ ಕಟ್ಟುವ ದಾರವನ್ನು ಆರಿಸಿದರು. ಜಾಣತನಕ್ಕೂ ಒಂದು ಮಿತಿ ಬೇಡವೇ?

ಆರತಿಯ ಹಾಡು ಮುಗಿಯುವ ಮೊದಲೇ ದಾರ ಕಿತ್ತುಹೋಯಿತು. ಬಿದ್ದ ವಿಮಾನಕ್ಕೆ ಒಂದು ಗೀರೂ ಆಗಲಿಲ್ಲ. ರಾಣಿಯ ಮೂಗು ಮಾತ್ರ ಹಾರಿಹೋಗಿತ್ತು. ಗಿರಿಜಮ್ಮ ಬೈಯಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡರು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಗಂಡನಿಗೆ.

ಹುಡುಕಿದಾಗ ಮೂಗು ಕೆಳಗಿನ ಮೆಟ್ಟಿಲಲ್ಲಿ, ಅಂಗಡಿ ಇಟ್ಟು ಕೂತ ಶೆಟ್ಟಿ ಬೊಂಬೆಯ ಮುಂದಿದ್ದ ರಾಗಿ ರಾಶಿಯಲ್ಲಿ ಸಿಕ್ಕಿತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಚಂದ್ರಚೂಡಯ್ಯ ತಲೆ ತಗ್ಗಿಸಿ ಪಕ್ಕದ ಮನೆಗೆ ಹೋದರು.

"ಮಾದಪ್ಪನೋರೆ, ತಪ್ಪಾಯ್ತು. ಇದನ್ನ ಹೇಗಾದ್ರೂ ಕೂರಿಸಿಕೊಡಿ."

ಮಾದಪ್ಪ ಚಿಮಟ, ಅಂಟು, ಬಣ್ಣ ಹಿಡಿದು ಅವರ ಜೊತೆಗೇ ಬಂದರು. ಉಸಿರು ಬಿಗಿಹಿಡಿದು ಮೂಗು ಕೂರಿಸಿದರು. ಮಾಸಿದ್ದ ಮೂಗುತಿಗೂ ಒಂದು ಚುಕ್ಕೆ ಬಣ್ಣವಿಟ್ಟರು. ಗಿರಿಜಮ್ಮನ ಮುಖ ಅರಳಿತು.

ಆಮೇಲೆ ಮಾದಪ್ಪ ಲೋಹದ ವಿಮಾನವನ್ನು ತಿರುಗಿಸಿ ನೋಡಿ, "ಅಷ್ಟು ಮೇಲಿಂದ ಬಿದ್ರೂ ಏನೂ ಆಗಿಲ್ವಲ್ಲ! ನಂದಾಗಿದ್ರೆ ಪುಡಿಪುಡಿ" ಎಂದು ಬೆರಗಾದರು.

"ಹಾಗಾದ್ರೆ ನಿಮ್ಮದು ಮೇಲಿರಲಿ" ಎಂದರು ಗಿರಿಜಮ್ಮ. "ಇವರದು ಕೆಳಗಿಡೋಣ. ಬೊಂಬೆ ನೋಡೋಕೆ ಬರೋ ಮಕ್ಕಳು ಮುಟ್ಟಿ ಆಡ್ಲಿ."

ಚಂದ್ರಚೂಡಯ್ಯ ತಾವೇ ಸ್ಟೂಲು ಹತ್ತಿ, ಪ್ಲಾಸ್ಟಿಕ್ ವಿಮಾನವನ್ನು ಮೇಲೆ ಕಟ್ಟಿದರು.

ನೀತಿ: ಗಟ್ಟಿಯಾದದ್ದಕ್ಕೂ ಹಗುರವಾದದ್ದಕ್ಕೂ ಅದರದರ ಜಾಗವಿದೆ. ನಮ್ಮದೇ ಹೆಚ್ಚೆಂದು ಹಟ ಹಿಡಿದರೆ, ಪೆಟ್ಟು ತಿನ್ನುವವರು ಏನೂ ತಪ್ಪು ಮಾಡದೆ ಸುಮ್ಮನೆ ಕೂತವರು.