ಹಲ್ಲಿಯ ಬೆರಳು ಮುಚ್ಚದೆ ಹೋದದ್ದು

"ಮೆಲ್ಲಕೆ ಎಳಿ. ಬುಟ್ಟೀಲಿರೋದು ಕಲ್ಲಲ್ಲ, ಗಂಜಿ."

ತಿಪ್ಪವ್ವ ತನ್ನ ಗಂಡ ಚಿತ್ತಯ್ಯನಿಗೆ ಹೇಳಿದ ಕೊನೆಯ ಮಾತು ಇದು.

ಆಗ ಲೋಕ ಇನ್ನೂ ಹಸಿ. ನೆಲ ಪೂರ್ತಿ ಆರಿರಲಿಲ್ಲ. ಬೆಟ್ಟ ಮಾತಾಡುತ್ತಿತ್ತು, ಗಾಳಿ ಮಾತಾಡುತ್ತಿತ್ತು, ಹಗ್ಗವೂ ಮಾತಾಡುತ್ತಿತ್ತು. ಬೆಟ್ಟದ ಮೈಯಲ್ಲಿ ಒಂದು ಬಿರುಕೂ ಇರಲಿಲ್ಲ. ತೊಳೆದಿಟ್ಟ ಗುಂಡುಕಲ್ಲಿನ ಹಾಗೆ ನುಣ್ಣಗಿತ್ತು. ಅರ್ಧ ಜನ ಅದರ ನೆತ್ತಿಯ ಮೇಲೆ, ಬಂಡೆಯ ದೊಣೆಯಲ್ಲಿ ನಿಂತ ನೀರು ಕುಡಿದುಕೊಂಡು ಇದ್ದರು. ಅರ್ಧ ಜನ ಕೆಳಗೆ ಹೊಲ ಮಾಡಿಕೊಂಡು ಇದ್ದರು. ನಡುವೆ ದಾರಿ ಇರಲಿಲ್ಲ. ಬುಟ್ಟಿ ಇತ್ತು.

ಬುಟ್ಟಿ ಚಿತ್ತಯ್ಯ ಮಾಡಿದ್ದು. ಮೊದಮೊದಲು ಮೇಲಿನವರು ಹಗ್ಗ ಬಿಟ್ಟು ಕೈಯಲ್ಲೇ ಎಳೆದರು. ಅಂಗೈ ಸುಲಿಯಿತು. ಆಮೇಲೆ ಬೆಟ್ಟದ ತುದಿಯಲ್ಲಿ ಮರದ ರಾಟೆ ಕೂರಿಸಿ, ಹಗ್ಗವನ್ನು ಅದರ ಮೇಲೆ ಹಾಯಿಸಿ ಕೆಳಕ್ಕೆ ತಂದು ಎತ್ತು ಕಟ್ಟಿದರು. ಎತ್ತು ಅರ್ಧದಲ್ಲಿ ಹುಲ್ಲು ಕಂಡು ಅತ್ತ ನಡೆಯಿತು. ಬುಟ್ಟಿಯಲ್ಲಿ ತೂಗಾಡುತ್ತಿದ್ದವರು ಎತ್ತಿಗೂ ಬೈದರು, ಚಿತ್ತಯ್ಯನಿಗೂ ಬೈದರು.

ಕೊನೆಗೆ ಒಂದು ಬಂಡೆ ಅವನನ್ನು ಕರೆಯಿತು. "ಎತ್ತು ಬಿಡಪ್ಪ. ನನ್ನ ಆ ತುದಿಗೆ ಕಟ್ಟು. ನಾನು ಇಳೀತೀನಿ, ನೀವು ಏರಿ" ಅಂದಿತು. ಹಾಗೇ ಕಟ್ಟಿದ. ಬಂಡೆ ಇಳಿದರೆ ಬುಟ್ಟಿ ಏರುತ್ತಿತ್ತು. ಎಳೆಯೋಕೆ ಒಬ್ಬನ ಕೈ ಸಾಕಾಯಿತು. ಆ ಕೈ ಚಿತ್ತಯ್ಯನದು.

ಹಗ್ಗ ಪುಂಡಿ ನಾರಿನದು. ಹಳೆಯ ಹಗ್ಗ ಎಸೆಯಬಾರದು ಅನ್ನೋದು ಅವರ ಪದ್ಧತಿ. ಹೊಸೆದವರು ಸತ್ತರೂ ಅವರ ಕೈ ಹಗ್ಗದಲ್ಲಿ ಇರುತ್ತೆ ಅಂತ ನಂಬಿದ್ದರು. ಅದಕ್ಕೇ ವರ್ಷ ವರ್ಷ ಹಳೆಯದರ ಮೇಲೇ ಹೊಸ ನಾರು ಸುತ್ತಿ ಹೊಸೆಯುತ್ತಿದ್ದರು. ಹಗ್ಗ ದಪ್ಪ ಆಯಿತು. ಎಲ್ಲರಿಗೂ ಧೈರ್ಯ ಬಂತು. ಒಳಗೆ ಏನಾಗಿದೆ ಅಂತ ಯಾರೂ ಬಿಚ್ಚಿ ನೋಡಲಿಲ್ಲ.

ಬೆಟ್ಟದ ಮೇಲೆ ಮಗಳು ಬೊಮ್ಮಿಗೆ ದಿನ ತುಂಬಿತ್ತು. ಹೆರಿಗೆ ಮಾಡಿಸೋಕೆ ತಿಪ್ಪವ್ವ ಹೊರಟಳು. ತೊಡೆಯ ಮೇಲೆ ಗಂಜಿ ಗಡಿಗೆ. ಬುಟ್ಟಿಯ ಅಂಚಿನಲ್ಲಿ ಒಂದು ಹಲ್ಲಿ. ಆಗೆಲ್ಲ ಹಲ್ಲಿ ನೆಲದ ಪ್ರಾಣಿ. ಬೆರಳು ಮಡಿಚಿಕೊಂಡು, ಮುಷ್ಟಿಯ ಮೇಲೆ ನಡೆಯುತ್ತಿತ್ತು. ಗೋಡೆ ಹತ್ತಲು ಬರುತ್ತಿರಲಿಲ್ಲ. ಮೇಲಿನ ಸೊಳ್ಳೆ ರುಚಿ ಅಂತ ತಿಪ್ಪವ್ವನ ಜೊತೆ ಬುಟ್ಟಿ ಹತ್ತೋದು ಅದಕ್ಕೆ ರೂಢಿ.

ಬುಟ್ಟಿ ಮುಕ್ಕಾಲು ಏರಿತ್ತು.

"ಚಿತ್ತಯ್ಯಾ, ನನ್ನೊಳಗೆ ಬರೀ ಧೂಳು" ಅಂದಿತು ಹಗ್ಗ.

ಆಮೇಲೆ ಅವನ ಕೈಯಲ್ಲಿ ಭಾರ ಇರಲಿಲ್ಲ.

ಮಧ್ಯಾಹ್ನಕ್ಕೆ ತಿಪ್ಪವ್ವನನ್ನು ಮಣ್ಣು ಮಾಡಿದರು. ಚಿತ್ತಯ್ಯ ಅಳಲಿಲ್ಲ. ಕೈ ನೋಡಿಕೊಂಡು ಕೂತ.

ಆಗ ಮೇಲಿಂದ ಅಳಿಯ ದುರುಗ ಕೂಗಿದ. "ಮಾವಾ! ಬೊಮ್ಮಿಗೆ ನೋವು ಶುರುವಾಗೈತೆ! ಕೂಸು ಅಡ್ಡ ತಿರುಗೈತೆ ಅಂತಾರೆ! ಬಲ್ಲೋರು ಯಾರನ್ನಾದ್ರೂ ಕಳ್ಸು!"

ಬಲ್ಲವಳು ಇನ್ನೊಬ್ಬಳೇ ಇದ್ದಳು, ಮುದುಕಿ ಕರಿಯಜ್ಜಿ. ಚಿತ್ತಯ್ಯ ಅವಳ ಗುಡಿಸಲ ಮುಂದೆ ಹೋಗಿ ನಿಂತ.

"ಬೆಳಿಗ್ಗೆ ಹೆಂಡ್ತೀನ ಬೀಳಿಸ್ದೆ. ಸಂಜೆಗೆ ನಾನೇನೋ?" ಅಂದಳು ಅಜ್ಜಿ. "ಸೊಂಟ ಬಗ್ಗೈತೆ, ಕಣ್ಣು ಮಂಜು. ಆದ್ರೂ ಸಾಯೋಕೆ ಅವಸರ ಇಲ್ಲ ನಂಗೆ."

"ಬೊಮ್ಮಿ ಸಾಯ್ತಾಳೆ ಅಜ್ಜಿ."

ಅಜ್ಜಿ ಮೆಲ್ಲಗೆ ಅಂದಳು. "ಹಗ್ಗ ಹರಿದ್ರೂ ಬೀಳದ ಬುಟ್ಟಿ ತಾರಪ್ಪ. ಬರ್ತೀನಿ."

ಅಂಥ ಬುಟ್ಟಿ ಲೋಕದಲ್ಲಿ ಇರಲಿಲ್ಲ. ಚಿತ್ತಯ್ಯ ಬೆಟ್ಟದ ಬುಡಕ್ಕೆ ಬಂದು ತಲೆ ಎತ್ತಿದ. ಬರೀ ಬಂಡೆಯ ಮೇಲೆ, ಅಷ್ಟೆತ್ತರದಲ್ಲಿ, ಹಲ್ಲಿ ಅಂಟಿಕೊಂಡಿತ್ತು.

"ನೀನು ಹೆಂಗೆ ಉಳಿದೆ?"

"ಬೆರಳು ಬಿಚ್ಚಿದೆ" ಅಂದಿತು ಹಲ್ಲಿ. "ಯಾವತ್ತೂ ಬಿಚ್ಚಿರಲಿಲ್ಲ. ಎಷ್ಟು ಬಿಚ್ಚಬಹುದೋ ಅಷ್ಟೂ ಬಿಚ್ಚಿದೆ. ಒಂದು ಕೈಲಿ ಬಂಡೆ ಹಿಡಿದೆ. ಒಂದು ಕೈಲಿ ಅವಳ ಸೆರಗು ಹಿಡಿದೆ."

"ಆಮೇಲೆ?"

"ಬಂಡೆ ಹಿಡಿದ ಕೈ ನಿಂತಿತು. ಸೆರಗು ಹಿಡಿದ ಕೈ ನಿಲ್ಲಲಿಲ್ಲ. ನಾನು ಸಣ್ಣದು, ಚಿತ್ತಯ್ಯ."

"ಗೊತ್ತು. ಇಳಿದು ಬಾ."

"ಬೆರಳು ಮುಚ್ತಾ ಇಲ್ಲ."

ಅದು ಒಂದೊಂದೇ ಬೆರಳು ಕಿತ್ತು, ಒಂದೊಂದೇ ಬೆರಳು ಊರಿ, ತಲೆಕೆಳಗಾಗಿ ಇಳಿದು ಬಂತು. ಚಿತ್ತಯ್ಯ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಬಡಗಿಯ ಬಾಚಿ ತಗೊಂಡು ಹುಣಸೆ ಕಟ್ಟಿಗೆಯಲ್ಲಿ ಅಂಥವೇ ಬೆರಳು ಕೆತ್ತಿದ. ಬುಟ್ಟಿಯ ಎರಡೂ ಮಗ್ಗುಲಿಗೆ ಕಟ್ಟಿದ. ಹಿಂದೆ ಬಿದಿರಿನ ಬಿಲ್ಲು ಬಗ್ಗಿಸಿ ಇಟ್ಟ. ಹಗ್ಗ ಬಿಗಿಯಾಗಿದ್ದಷ್ಟು ಹೊತ್ತು ಬೆರಳು ಮಡಿಚಿಕೊಂಡಿರಬೇಕು. ಹಗ್ಗ ಸಡಿಲಾದರೆ ಬಿಲ್ಲು ಚಿಮ್ಮಬೇಕು, ಬೆರಳು ಬಿಚ್ಚಬೇಕು.

ಆದರೆ ಬೆಟ್ಟ ನುಣುಪು. ಅಷ್ಟು ದೊಡ್ಡ ಬುಟ್ಟಿಗೆ ಹಿಡಿಯೋಕೆ ಜಾಗ ಇಲ್ಲ.

"ನಾನು ಹುಟ್ಟಿದಾಗಿಂದ ಹಿಂಗೇ" ಅಂದಿತು ಬೆಟ್ಟ.

"ಅವಳು ಬಿದ್ದಾಗ ನೀನು ನೋಡ್ತಾ ನಿಂತಿದ್ದೆ" ಅಂದ ಚಿತ್ತಯ್ಯ.

ಹೊತ್ತು ಇಳಿಯಿತು. ಆಮೇಲೆ ಬೆಟ್ಟ, ಬುಟ್ಟಿ ಹೋಗುವ ದಾರಿಯ ಆಚೆ ಒಂದು, ಈಚೆ ಒಂದು, ನೆತ್ತಿಯಿಂದ ಬುಡದವರೆಗೆ ಎರಡು ಬಿರುಕು ಬಿಟ್ಟಿತು.

"ನೋಯ್ತಾ?" ಅಂತ ಗಾಳಿ ಕೇಳಿತು.

"ಹೂಂ" ಅಂದಿತು ಬೆಟ್ಟ.

ಹೆಂಗಸರು ಹೊಸ ನಾರಿನಲ್ಲಿ ಹೊಸ ಹಗ್ಗ ಹೊಸೆದರು. ಹಳೆಯದರ ಒಂದು ಎಳೆಯನ್ನೂ ಸೇರಿಸಲಿಲ್ಲ. ದುರುಗ ಮೇಲೆ ಉಳಿದಿದ್ದ ತುಂಡುಗಳನ್ನೆಲ್ಲ ಗಂಟು ಹಾಕಿ ಇಳಿಬಿಟ್ಟು, ಹೊಸ ಹಗ್ಗವನ್ನು ಮೇಲೆ ಸೇದಿಕೊಂಡು ರಾಟೆಗೆ ಹಾಕಿದ. ಮೇಲೆ ಬೊಮ್ಮಿ ನರಳುವುದು ಕೆಳಗೆ ಕೇಳುತ್ತಿತ್ತು.

ಮರುದಿನ ಬೆಳಿಗ್ಗೆ ಚಿತ್ತಯ್ಯ ಬುಟ್ಟಿ ಹತ್ತಿದ. ಊರಿನ ಗಂಡಸರು ಎಳೆದರು. ತಿಪ್ಪವ್ವ ಬಿದ್ದ ಎತ್ತರ ಬಂತು.

"ನಿಲ್ಲಿಸಿ" ಅಂದ. ತಲೆ ಎತ್ತಿ, "ದುರುಗಾ, ಹಗ್ಗ ಕಡಿ" ಅಂದ.

"ಏನ್ ಮಾವ ನೀನು? ಅತ್ತೆ ಹೋಗಿ ಒಂದು ದಿನ ಆಗಿಲ್ಲ. ನನ್ನ ಕೈಲಿ ಆಗಲ್ಲ."

"ಒಳಗೆ ನಿನ್ನ ಹೆಂಡ್ತಿ ಒದ್ದಾಡ್ತಾ ಅವ್ಳೆ. ನಿಲ್ಲದೆ ಹೋದ್ರೆ ನಾನು ಅವಳ ಅವ್ವನ ಹತ್ರ ಹೋಗ್ತೀನಿ, ಅಷ್ಟೇ. ಕಡಿಯೋ!"

ದುರುಗ ಕಣ್ಣು ಮುಚ್ಚಿ ಕೊಡಲಿ ಎತ್ತಿದ.

ಆ ತುದಿಯ ಬಂಡೆ ದಡ್ ಅಂತ ನೆಲಕ್ಕೆ ಬಿತ್ತು. ಧೂಳು ಎದ್ದಿತು. ಕೆಳಗೆ ಯಾರೋ ಕಿರುಚಿದರು. ಬುಟ್ಟಿ ಒಂದು ಗೇಣು ಜಾರಿತು. ಬಿಲ್ಲು ಚಿಮ್ಮಿತು, ಬೆರಳು ಬಿಚ್ಚಿತು, ಬಿರುಕನ್ನು ಕಚ್ಚಿತು.

ಬುಟ್ಟಿ ನಿಂತಿತು.

ಜನ ಕುಣಿದರು. ಚಿತ್ತಯ್ಯ ಕುಣಿಯಲಿಲ್ಲ. ಒಂದು ದಿನ ತಡ ಆಯಿತು ಅಂತ ಬಿರುಕಿಗೆ ಹಣೆ ಇಟ್ಟು, ಅಲ್ಲೇ, ಯಾರಿಗೂ ಕಾಣದ ಹಾಗೆ ಅತ್ತ. ಪಕ್ಕದಲ್ಲಿ ಬಂಡೆಗೆ ಅಂಟಿದ್ದ ಹಲ್ಲಿ ಲೊಚ್ ಲೊಚ್ ಅಂದಿತು. ಅದಕ್ಕೆ ಬೇರೆ ಮಾತು ಬರಲಿಲ್ಲ.

ಹಗ್ಗ ಮತ್ತೆ ಕಟ್ಟಿ ಅವನನ್ನು ಇಳಿಸಿದರು. ಕರಿಯಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬುಟ್ಟಿಯಲ್ಲಿ ಕೂತಳು. ಬಿಸಿಲು ಏರುವ ಮೊದಲೇ ಮೇಲಿಂದ ಕೂಸಿನ ಅಳು ಕೇಳಿತು. ಬೊಮ್ಮಿಯೂ ಉಳಿದಳು.

"ಹೋಗಿ ಮೊಮ್ಮಗೂನ ನೋಡೋ" ಅಂದರು ಎಲ್ಲರೂ.

"ಅಜ್ಜಿ ಇಳೀಬೇಕಲ್ಲ. ಹಗ್ಗ ಯಾರು ಹಿಡೀತಾರೆ?" ಅಂದ ಚಿತ್ತಯ್ಯ. ಹಗ್ಗ ಹಿಡಿದು ಬುಡದಲ್ಲೇ ಕೂತ.

ಇವತ್ತು ಪೇಟೆಯ ಲಿಫ್ಟಿನಲ್ಲೂ ಹಗ್ಗ ಹರಿದರೆ ಕಚ್ಚಿ ಹಿಡಿಯೋ ಅಂಥ ಬೆರಳುಗಳು ಇರುತ್ತವೆ, ಹತ್ತಿದವರ ಕಣ್ಣಿಗೆ ಕಾಣೋದಿಲ್ಲ. ಕಾಣೋದು ಹಲ್ಲಿಯದು: ದೀಪ ಹಚ್ಚಿದ ಮೇಲೆ ಗೋಡೆ ನೋಡು ಮಗು, ಯಾರೂ ಬೀಳದೆ ಇದ್ದರೂ ಅದು ಬೆರಳೆಲ್ಲ ಅಗಲಿಸಿ ಹಿಡಿದುಕೊಂಡೇ ಇರುತ್ತೆ, ಲೊಚ್ ಲೊಚ್ ಅನ್ನುತ್ತೆ.