ಹುಣಸೆ ಹಾಕದ ಕೆಸುವಿನ ಸಾರು

ಡಂಗುರದವನು ಸಂತೆಬೀದಿಯಲ್ಲಿ ನಿಂತು ಕೂಗಿದ: "ಕೇಳ್ರಪ್ಪೋ ಕೇಳ್ರಿ! ಸಿಡಿಲಕೋಟೆಯ ಉದ್ದಂಡರಾಯ ಮಹಾಪ್ರಭುಗಳು ಮೂರು ಒಗಟು ಕೇಳ್ತಾರೆ. ಬಿಡಿಸಿದೋನು ಏನು ಬೇಡಿದ್ರೂ ಕೊಡ್ತಾರೆ, ಪಟ್ಟದ ಕತ್ತಿ ಮೇಲೆ ಆಣೆ! ಒಂದು ತಪ್ಪಿದ್ರೂ ತಲೆ ಹೋಯ್ತದೆ!"

ಏನು ಬೇಡಿದರೂ ಕೊಡುವುದಾದರೆ ಯಾರ ಬಾಯಲ್ಲಿ ನೀರೂರುವುದಿಲ್ಲ? ಸುತ್ತಲಿನ ರಾಜಕುಮಾರರು ಮೀಸೆಗೆ ಎಣ್ಣೆ ಹಚ್ಚಿಕೊಂಡು ಬಂದರು. ಯಾವ ಒಗಟಿನಿಂದ ಬೇಕಾದರೂ ಶುರುಮಾಡಲು ಅಪ್ಪಣೆಯಿತ್ತು.

"ಚಿವುಟಿದರೆ ಒಂದು ಎರಡಾಗುತ್ತದೆ, ಚಿವುಟದೆ ಬಿಟ್ಟರೆ ಮುದಿಯಾಗುತ್ತದೆ. ಏನದು?" ಎಂದ ರಾಜ. ಮೊದಲನೆಯವನು ಎದೆಯುಬ್ಬಿಸಿ "ಕ್ಷತ್ರಿಯರ ಕೋಪ" ಅಂದ. ಅವನ ತಲೆ ಹೋಯಿತು.

"ಒಳಗೆ ಹೋಗುವಾಗ ಬುಟ್ಟಿ ತುಂಬ, ಹೊರಗೆ ಬರುವಾಗ ಹಿಡಿ ತುಂಬ. ನಡುವೆ ಯಾರೂ ಕದ್ದಿಲ್ಲ. ಏನದು?" ಎರಡನೆಯವನು ಯೋಚಿಸದೆ "ಪ್ರಭುಗಳ ಖಜಾನೆ" ಎಂದುಬಿಟ್ಟ. ಅವನ ತಲೆ ಇನ್ನೂ ಬೇಗ ಹೋಯಿತು.

"ಅಂಗೈ ತುಂಬ ನೀರು ಹಿಡಿದರೂ ನೆನೆಯುವುದಿಲ್ಲ, ಬೆಂಕಿಯಿಲ್ಲದೆ ಬಾಯಿ ಸುಡುತ್ತದೆ. ಅದು ಯಾವುದು, ಅದರಿಂದ ಸುಡಿಸಿದವರು ಯಾರು?" ಮೂರನೆಯವನಿಗೆ ಕಾವ್ಯದ ಹುಚ್ಚು. "ತಾವರೆಯ ಎಲೆ. ಸುಡಿಸಿದ್ದು ವಿರಹ" ಎಂದು ಕಣ್ಣು ಮುಚ್ಚಿ ಹೇಳಿದ. ಮುಚ್ಚಿದ ಕಣ್ಣು ಮುಚ್ಚಿದಂತೆಯೇ ಉಳಿಯಿತು.

ಕೋಟೆಯ ಹೊರಗೆ, ಕೆರೆಯಂಚಿನಲ್ಲಿ ಹೊನಗೊನೆ ಸೊಪ್ಪು ಕೊಯ್ಯುತ್ತಿದ್ದ ಚೌಡನ ಕಿವಿಗೂ ಈ ಸುದ್ದಿ ಬಿತ್ತು. ಅವನು ಬಂದು ತಾಯಿಗೆ ಹೇಳಿದಾಗ ದೇವೀರಮ್ಮ ಸೋಸುತ್ತಿದ್ದ ಸೊಪ್ಪನ್ನು ಕೆಳಗಿಟ್ಟಳು.

"ಮೂರೂ ಸೊಪ್ಪಿನ ಒಗಟು ಕಣೋ ಮಗ. ಇದು ನಮಗೆ ಹಾಕಿರೋ ಬಲೆ. ಹೋಗ್ಬೇಡ."

ಚೌಡನಿಗೂ ಗೊತ್ತಾಗಿತ್ತು. ಅವನ ಅಪ್ಪ ಜವರಪ್ಪ ಅರಮನೆಯ ಅಡುಗೆಯವನಾಗಿದ್ದ. ಕೀಲುನೋವಿಗೆ ಹುಳಿ ಆಗದೆಂದು ರಾಜ ಕೋಟೆಯೊಳಗಿನ ಹುಣಸೆಮರಗಳನ್ನೆಲ್ಲ ಕಡಿಸಿದ್ದ. ಯಾರ ಹತ್ತಿರ ಹುಣಸೆ ಕಂಡರೂ ಚಾಟಿಯೇಟು ಎಂದಿದ್ದ. ಆಮೇಲೆ ಒಂದು ದಿನ, "ಕೆಸುವಿನ ಸಾರು ತಿನ್ನಬೇಕು" ಅಂದ. ಹುಣಸೆಯಿಲ್ಲದೆ ಕೆಸು ಬೇಯಿಸಬಾರದು ಬುದ್ಧಿ, ಬಾಯಿ ತುರಿಸುತ್ತೆ ಎಂದು ಜವರಪ್ಪ ಕಾಲು ಹಿಡಿದ. "ಎದುರು ಮಾತಾಡ್ತೀಯಾ?" ಎಂದು ಗದರಿ ಒದ್ದ ರಾಜ, ಬಡಿಸಿದ್ದನ್ನು ತಿಂದ, ಗಂಟಲು ಊದಿಸಿಕೊಂಡ, ವಿಷ ಹಾಕಿದನೆಂದು ಅಡುಗೆಯವನ ತಲೆ ತೆಗೆಸಿದ. ಅದು ಯಾವ ವಿಷವೆಂದು ಜವರಪ್ಪನ ಮನೆಯವರಿಗಷ್ಟೇ ಗೊತ್ತು, ಒಗಟು ಬಿಡಿಸಲು ಬರುವವರು ಅವರೇ, ಅವರನ್ನೂ ಮುಗಿಸಬೇಕೆಂಬುದು ರಾಜನ ಲೆಕ್ಕ. ಆದರೆ ಊರಿಗೆಲ್ಲ ನಿಜ ಗೊತ್ತಿತ್ತು. ಬಾಯಿಬಿಡಲು ಯಾರಿಗೂ ಧೈರ್ಯವಿರಲಿಲ್ಲ.

"ಏನು ಬೇಡಿದ್ರೂ ಕೊಡ್ತಾನಂತೆ ಅವ್ವ," ಎಂದ ಚೌಡ. "ಇಷ್ಟು ವರ್ಷ ನುಂಗಿಕೊಂಡಿದ್ದು ಸಾಕು. ಒಂದು ಉಂಡೆ ಹುಣಸೆಹಣ್ಣು ಕೊಡು. ಉಳಿದದ್ದು ನಿನ್ನ ಕೈಯಲ್ಲೇ ಇರ್ಲಿ. ಅದನ್ನ ಕಿತ್ಕೊಳ್ಳೋಕೆ ರಾಜನ ಆಳುಗಳು ನುಗ್ಗಿದರೆ ಬಾವಿಗೆ ಹಾಕಿಬಿಡು."

ಹುಣಸೆಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು, ಕೆಸುವಿನ ಎಲೆಯ ಕಟ್ಟು ಹೊತ್ತು ಅವನು ಒಡ್ಡೋಲಗಕ್ಕೆ ಹೋದ. ಹರಕು ಕಂಬಳಿ ಕಂಡು ಸಭೆ ನಕ್ಕಿತು.

"ಮೊದಲನೆಯದು ಸೊಪ್ಪಿನ ಕುಡಿ," ಎಂದ ಚೌಡ. "ಒಂದು ಕುಡಿ ಚಿವುಟಿದರೆ ಎರಡು ಕವಲು ಒಡೀತದೆ. ಹಗೆನೂ ಹಾಗೇ, ಬುದ್ಧಿ. ಎರಡನೆಯದು ಅದೇ ಸೊಪ್ಪು. ಮಡಕೆಗೆ ಬುಟ್ಟಿ ತುಂಬ ತುಂಬಿದರೂ ಬೆಂದ ಮೇಲೆ ಒಂದು ಹಿಡಿ."

ರಾಜನ ಕಣ್ಣು ಹೊಳೆಯಿತು. ಬಲೆ ಅಲುಗಾಡಿತ್ತು. "ಮೂರನೆಯದು?"

"ಅದನ್ನ ಬೇಯಿಸಿಯೇ ತೋರಿಸ್ಬೇಕು."

ಅಂಗಳದಲ್ಲಿ ಒಲೆ ಹೂಡಿ ಎರಡು ಮಡಕೆ ಇಟ್ಟ. ಒಂದೇ ಕಟ್ಟಿನ ಎಲೆ ಹೆಚ್ಚಿದ. ಎರಡಕ್ಕೂ ಬೇಳೆ, ಉಪ್ಪು, ಹಸಿಮೆಣಸು ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ. ಒಂದು ಮಡಕೆಗೆ ಮಾತ್ರ ಬೆನ್ನು ತಿರುಗಿಸಿ ಹುಣಸೆ ಕಿವುಚಿದ. ಅದರಿಂದ ತಾನೂ ಉಂಡ, ಮಂತ್ರಿಗೂ ಕಾವಲಿನವರಿಗೂ ಬಡಿಸಿದ. ಎಲ್ಲರೂ ಕೈ ನೆಕ್ಕಿದರು.

"ಎಂಜಲಾಗಬಾರದೂಂತ ತಮಗೆ ಬೇರೆ ಮಡಕೆ, ಬುದ್ಧಿ."

ವರ್ಷಗಳಿಂದ ಸೊಪ್ಪು ಮುಟ್ಟದ ನಾಲಿಗೆ. ಸುತ್ತ ಎಲ್ಲರೂ ಗಟ್ಟಿಮುಟ್ಟಾಗಿ ನಿಂತಿದ್ದರು. ರಾಜ ಗಬಗಬನೆ ತಿಂದ. ತಿಂದು ಮುಗಿಸುವಷ್ಟರಲ್ಲಿ ತುಟಿ ದಪ್ಪವಾಯಿತು, ಗಂಟಲು ಕೆರೆಯತೊಡಗಿತು.

"ವಿಷ! ಅದೇ ವಿಷ! ಹಿಡಿಯಿರಿ ಇವನನ್ನು!"

"ಇದೇ ಎಲೆ ಮಂತ್ರಿಗಳೂ ತಿಂದವ್ರೆ. ಅವರಿಗೇನೂ ಆಗಿಲ್ಲ," ಎಂದ ಚೌಡ. "ಮೂರನೆಯದು ಕೆಸು. ಎಲೆ ಮೇಲೆ ನೀರು ನಿಂತರೂ ಅದು ನೆನೆಯಲ್ಲ. ಹುಣಸೆ ಬಿದ್ರೆ ಅಮೃತ, ಬೀಳದಿದ್ರೆ ಬೆಂಕಿ. ಹುಣಸೆ ಬೇಕೂಂತ ನಮ್ಮಪ್ಪ ಕಾಲು ಹಿಡಿದಾಗ ಒದ್ದೋರು ಯಾರು? ಸುಡಿಸಿದೋರು ತಾವೇ, ಬುದ್ಧಿ. ನಾನು ಜವರಪ್ಪನ ಮಗ."

ಸಭೆಯಲ್ಲಿ ಯಾರೂ ನಗಲಿಲ್ಲ. ಮಂತ್ರಿ ತಲೆತಗ್ಗಿಸಿ, "ಉತ್ತರ ಸರಿಯಾಗಿದೆ ಪ್ರಭು. ಪಟ್ಟದ ಕತ್ತಿಯ ಆಣೆ ಇದೆ," ಎಂದ.

ರಾಜ ಕತ್ತು ಪರಚಿಕೊಳ್ಳುತ್ತ, "ಹುಣಸೆ... ಹುಣಸೆ ಕೊಡು. ಅರ್ಧ ರಾಜ್ಯ ಕೊಡ್ತೇನೆ," ಎಂದ.

"ತಂದದ್ದು ಮುಗೀತು. ಕೋಟೆಯೊಳಗಂತೂ ಇಲ್ಲ, ತಾವೇ ಕಡಿಸಿದ್ರಿ. ಉಳಿದದ್ದು ನಮ್ಮವ್ವನ ಹತ್ರ ಐತೆ. ನಿಮ್ಮ ರಾಜ್ಯ ನನಗೆ ಬೇಡ. ಡಂಗುರ ಕೊರಳಿಗೆ ಹಾಕ್ಕೊಂಡು ನಮ್ಮಪ್ಪಂದು ತಪ್ಪಿಲ್ಲಾಂತ ಬೀದಿ ಬೀದಿಲೂ ಸಾರುತ್ತ ನಮ್ಮ ಗುಡಿಸಲವರೆಗೂ ನಡೀಬೇಕು. ಅದೇ ನಾನು ಬೇಡೋದು."

ಪಲ್ಲಕ್ಕಿಯಿಲ್ಲದೆ ಹೊರಗೆ ಕಾಲಿಡದವನು ಅಂದು ಬಿಸಿಲಲ್ಲಿ ನಡೆದ. "ಜವರಪ್ಪ ತಪ್ಪು ಮಾಡಿರಲಿಲ್ಲ. ನಾನೇ ಕೊಂದೆ," ಎಂದು ಊದಿದ ನಾಲಿಗೆಯಲ್ಲಿ ಸಾರಿದ. ಜನ ಬಾಗಿಲಿಗೆ ಬಂದು ನಿಂತು ನೋಡಿದರು. ಚೌಡ ಹಿಂದೆಯೇ ನಡೆದ. ಪ್ರತಿ ಕೂಗಿಗೂ ಅವನ ಎದೆ ತಣ್ಣಗಾಗುತ್ತಿತ್ತು, ಸಾಕು ಅನ್ನಿಸುತ್ತಿರಲಿಲ್ಲ.

ಗುಡಿಸಲ ಮುಂದೆ ರಾಜ ಮಂಡಿಯೂರಿದ. ಕೊನೆಯ ಸಲ ಸಾರಿ ಕೈಚಾಚಿದ. ದೇವೀರಮ್ಮ ಹೊಸಿಲ ಮೇಲೆ ಕೂತಿದ್ದಳು. ಹುಣಸೆಹಣ್ಣು ಅವಳ ಮುಷ್ಟಿಯಲ್ಲಿತ್ತು.

"ನನಗೆ ಕೇಳಿಸ್ಲಿಲ್ಲ, ಬುದ್ಧಿ," ಎಂದಳು. "ಮೊದಲನೇ ಬೀದಿಯಿಂದ ಇನ್ನೊಂದ್ಸಲ ಬನ್ನಿ."

ರಾಜ ಎದ್ದು, ಡಂಗುರ ಎತ್ತಿಕೊಂಡು, ಕೋಟೆಯ ಕಡೆ ತಿರುಗಿ ನಡೆದ.